ಬಾಗ್ಸ್ ಇಲ್ಲದ ಕಟ್ಟು

ಸಂಗ್ರಹದ ಹವ್ಯಾಸಕ್ಕೆ ಬಿದ್ದವರಲ್ಲಿ ಎರಡು ಪಂಗಡಗಳುಂಟು. ಶ್ರೇಷ್ಠವಾದದ್ದೊಂದು ಕೈಸೇರಿತೆಂದರೆ ಜನ್ಮ ಸಾರ್ಥಕವಾಯಿತೆಂದು ತಿಳಿಯುವವರು ಒಂದು ಪಂಗಡದವರು. ಸರಣಿಯಲ್ಲಿ ಒಂದು ಕೂಡ ಕಡಮೆಯಾಗಬಾರದೆಂದು ಹಟ ಹಿಡಿಯುವವರು ಇನ್ನೊಂದು ಪಂಗಡದವರು. ನಾವು ಹುಡುಗರಾಗಿ ಬೆಂಕಿಪೊಟ್ಟಣದ ಪಟಗಳನ್ನು ಕೂಡಿಹಾಕುತ್ತಿದ್ದ ಕಾಲದಲ್ಲಿಯೇ ಈ ಭೇದ ಕಣ್ಣಿಗೆ ಕಾಣುವಂತಿತ್ತು. ಹುಲಿಯ ಪಟವೊಂದಿದ್ದರೆ ಸಾಕು, ಉಳಿದ ಹತ್ತನ್ನು ಗೋಲಿಗೆ ಕೊಟ್ಟುಬಿಡುವವರಿದ್ದರು. ಹಾಗೆಯೇ, ಯಾರಿಗೂ ಬೇಡವಾದ ಕತ್ತರಿ, ಕೀಲಿಕೈ, ಲಾಂದ್ರದ ಪಟಗಳಿಗಾಗಿ ಬೀದಿಯೆಲ್ಲ ಅಲೆಯುವವರೂ ಇದ್ದರು. ನಾನು ಎರಡನೆಯ ಪಂಗಡಕ್ಕೆ ಸೇರಿದವನು. ವಯಸ್ಸಾದಂತೆ ಆ ಗುಣ ಕಡಮೆಯಾಗುವುದೆಂದು ಮನೆಯವರು ನಂಬಿದ್ದರು. ಆದರೆ ಅದು ಕಡಮೆಯಾಗದೆ, ನಾನು ಉದ್ಯೋಗನಿಮಿತ್ತವಾಗಿ ಅಮೆರಿಕಾಕ್ಕೆ ಬಂದು, ಆ ದೇಶದ ಸಂಸ್ಥಾನಗಳಲ್ಲೆಲ್ಲ ಅತಿ ಚಿಕ್ಕದಾದ ರೋಡ್ ಐಲೆಂಡಿನಲ್ಲಿ ನೆಲೆನಿಂತ ಮೇಲೆ, ಒಂದು ವಿಚಿತ್ರವಾದ ವಸ್ತುವಿನ ಮೇಲೆ ಬಂದು ಕುಳಿತಿತು. ಅದು ಪಾಟಕೆಟ್ ಎಂಬ ಊರಿನ ಬೇಸ್‌ಬಾಲ್ ತಂಡದವರ, ೧೯೮೧ನೆಯ ಇಸವಿಯ, ಚಿತ್ರದ ಕಾರ್ಡುಗಳ ಒಂದು ಕಟ್ಟು.

ಬೇಸ್‌ಬಾಲಿನ ವಿಷಯ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲದ್ದರಿಂದ ಎರಡು ಮಾತು ಹೇಳಬೇಕು. ಅಮೆರಿಕಾದಲ್ಲಿ ಈ ಆಟಕ್ಕೆ ‘ಮೇಜರ್ ಲೀಗ್’ ಎಂಬ ಮೂವತ್ತು ತಂಡಗಳ ಮೇಲಿನ ಪಂಕ್ತಿಯೊಂದುಂಟು. ನ್ಯೂಯಾರ್ಕ್, ಬಾಸ್ಟನ್, ಷಿಕಾಗೋ ಮೊದಲಾದ ಮಹಾನಗರಗಳ ತಂಡಗಳು ಅವು; ಹಣ, ಕೀರ್ತಿ, ದೂರದರ್ಶನ ಎಲ್ಲವೂ ಅವುಗಳ ಪಾಲು. ಪ್ರತಿಯೊಂದು ದೊಡ್ಡ ತಂಡದ ಕೆಳಗೂ ಮೆಟ್ಟಿಲುಮೆಟ್ಟಿಲಾಗಿ ಸಣ್ಣ ತಂಡಗಳಿವೆ. ಇವಕ್ಕೆ ‘ಮೈನರ್ ಲೀಗ್’ ಎಂದು ಹೆಸರು. ನಮ್ಮ ರಣಜಿ ಪಂದ್ಯಗಳೊಡನೆ ಇವನ್ನು ಹೋಲಿಸಬೇಕೆನಿಸುವುದು ಸಹಜವಾದರೂ ಹೋಲಿಕೆ ಸರಿಹೊಂದುವುದಿಲ್ಲ. ರಣಜಿ ಆಟಗಾರನಿಗೆ ತನ್ನ ನಾಡೆಂಬುದೊಂದು ಇರುತ್ತದೆ. ನಾಡಿಗಾಗಿ ಆಡಿದೆನೆಂಬ ತೃಪ್ತಿಯೂ ಇರುತ್ತದೆ. ಮೈನರ್ ಲೀಗಿನವನು ದೊಡ್ಡ ತಂಡದ ಒಡೆತನಕ್ಕೆ ಒಳಪಟ್ಟ ಉಮೇದುವಾರ. ಅವನನ್ನು ಯಾವ ಊರಿಗೆ ಕಳಿಸಿದರೆ ಆ ಊರು ಅವನದು. ಮದುವೆಮನೆಯಲ್ಲಿ ಮೊದಲನೆಯ ಪಂಕ್ತಿ ಏಳುವುದನ್ನೇ ನೋಡುತ್ತ ಊಟದ ಮನೆಯ ಬಾಗಿಲಲ್ಲಿ ನಿಂತಿರುವವರನ್ನು ನೀವು ಕಂಡಿದ್ದೀರಷ್ಟೆ? ಇವರು ಅಂಥವರು. ವ್ಯತ್ಯಾಸವೇನೆಂದರೆ, ಮದುವೆಮನೆಯಲ್ಲಿ ತಡವಾಗಿಯಾದರೂ ಎಲೆ ಹಾಕುತ್ತಾರೆ. ಇಲ್ಲಿ ನಿಂತವರಲ್ಲಿ ಹೆಚ್ಚು ಮಂದಿಗೆ ಎಲೆಯೇ ಬೀಳುವುದಿಲ್ಲ. ಸಂಬಳವೂ ಅಷ್ಟಕ್ಕಷ್ಟೆ. ೨೦೨೩ರಲ್ಲಿ ಆಟಗಾರರ ಸಂಘ ಮಾಡಿಕೊಂಡ ಒಪ್ಪಂದಕ್ಕೆ ಮುಂಚೆ, ಈ ಮೆಟ್ಟಿಲುಗಳಲ್ಲಿ ಅತ್ಯಂತ ಮೇಲಿನದರಲ್ಲಿ ಆಡುತ್ತಿದ್ದವನ ಕನಿಷ್ಠ ವೇತನ ವರ್ಷಕ್ಕೆ ೧೭,೫೦೦ ಡಾಲರು. ಒಪ್ಪಂದವಾದ ಮೇಲೆ ಅದು ೩೫,೮೦೦ಕ್ಕೆ ಏರಿತು. ಕೆಳಗಿನ ಮೆಟ್ಟಿಲುಗಳವರ ಪಾಡನ್ನು ಓದುಗರೇ ಊಹಿಸಿಕೊಳ್ಳಬಹುದು.

ಇನ್ನು ಕಾರ್ಡುಗಳ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಸಿಗರೇಟು ಪೊಟ್ಟಣ ಜೇಬಿನಲ್ಲಿ ಮುದುಡದಿರಲೆಂದು ಅದರೊಳಗೆ ರಟ್ಟಿನ ತುಂಡೊಂದನ್ನು ಇಡುತ್ತಿದ್ದರು. ಬರಿಯ ರಟ್ಟೇಕೆಂದು ಯಾರಿಗೋ ಅನ್ನಿಸಿತು. ಅದರ ಮೇಲೆ ಆಟಗಾರರ ಚಿತ್ರಗಳು ಬಂದವು. ತಂದೆ ಸಿಗರೇಟು ಸೇದಿದರೆ ಮಗ ರಟ್ಟನ್ನು ಎತ್ತಿಟ್ಟುಕೊಳ್ಳುತ್ತಿದ್ದ. ೧೯೦೯ರಿಂದ ೧೯೧೧ರವರೆಗೆ ತಂಬಾಕಿನ ಪೊಟ್ಟಣಗಳಲ್ಲಿ ಬಂದ ಸರಣಿಯೊಂದರಲ್ಲಿ ಹೋನಸ್ ವಾಗ್ನರ್ ಎಂಬ ಆಟಗಾರನ ಚಿತ್ರವಿತ್ತು. ಅವನು ಒಪ್ಪಿಗೆ ಕೊಡದ ಕಾರಣ ಅದರ ಮುದ್ರಣ ಬೇಗನೆ ನಿಂತಿತು. ಉಳಿದ ಕೆಲವೇ ಪ್ರತಿಗಳಲ್ಲಿ ಒಂದು ೨೦೨೨ರಲ್ಲಿ ೭೨ ಲಕ್ಷದ ೫೦ ಸಾವಿರ ಡಾಲರಿಗೆ ಮಾರಾಟವಾಯಿತು. ಸಿಗರೇಟಿನ ಜಾಗಕ್ಕೆ ಮುಂದೆ ಮಿಠಾಯಿಯೂ ಆಮೇಲೆ ಚ್ಯೂಯಿಂಗ್ ಗಮ್ಮೂ ಬಂದವು. ಟಾಪ್ಸ್ ಸಂಸ್ಥೆ ೧೯೫೨ರಲ್ಲಿ ಹೊರತಂದ ಮಿಕಿ ಮ್ಯಾಂಟಲನ ಕಾರ್ಡೊಂದಕ್ಕೆ, ಅದೇ ೨೦೨೨ರಲ್ಲಿ, ಒಂದು ಕೋಟಿ ೨೬ ಲಕ್ಷ ಡಾಲರು ಬಂದಿತು. ಈ ಅಂಕಿಗಳನ್ನು ಕೇಳಿದ ನನ್ನ ಸ್ನೇಹಿತರೊಬ್ಬರು, “ಅಷ್ಟು ಹಣಕ್ಕೆ ನಮ್ಮ ಕಡೆ ಒಂದು ಹೋಬಳಿಯನ್ನೇ ಕೊಳ್ಳಬಹುದಲ್ಲ!” ಎಂದು ನಿಟ್ಟುಸಿರಿಟ್ಟರು.

ಇವೆಲ್ಲ ಪ್ರಸಿದ್ಧರ ಕತೆ. ಮೈನರ್ ಲೀಗಿನವರ ಕಾರ್ಡುಗಳ ಇತಿಹಾಸ ಇಷ್ಟು ಗದ್ದಲದ್ದಲ್ಲ. ಆದರೆ ನನಗೆ ಅದೇ ಹೆಚ್ಚು ಪ್ರಿಯ. ಸಾನ್ ಫ್ರಾನ್ಸಿಸ್ಕೋದ ಮಿಠಾಯಿ ಕಂಪೆನಿಯೊಂದು ೧೯೧೧ರಿಂದ ೧೯೩೮ರವರೆಗೆ, ತಪ್ಪದೆ, ಪೆಸಿಫಿಕ್ ಕರಾವಳಿಯ ತಂಡಗಳವರ ಚಿತ್ರಗಳನ್ನು ‘ಜೀನಟ್’ ಎಂಬ ತಿನಿಸಿನ ಪೊಟ್ಟಣದಲ್ಲಿಟ್ಟು ಹಂಚಿತು. ಬಹಳ ವರ್ಷ ಆ ಕಾರ್ಡುಗಳ ತಳದಲ್ಲಿ ಒಂದು ಕೂಪನ್ ಇರುತ್ತಿತ್ತು. ಅದನ್ನು ಕತ್ತರಿಸಿ ಕಳಿಸಿದರೆ ಮಕ್ಕಳಿಗೆ ಬಹುಮಾನ. ಮಕ್ಕಳು ಕತ್ತರಿಸದೆ ಬಿಡುವರೆ? ಆದ್ದರಿಂದ ಕೂಪನ್ ಸಹಿತವಾದ ಜೀನಟ್ ಕಾರ್ಡೆಂದರೆ ಇಂದು ಸಂಗ್ರಹಕಾರರು ಕಣ್ಣಿಗೊತ್ತಿಕೊಳ್ಳುತ್ತಾರೆ. ಇನ್ನೊಂದು ಪ್ರಸಂಗ ೧೯೧೪ರದು. ಬಾಲ್ಟಿಮೋರಿನ ವೃತ್ತಪತ್ರಿಕೆಯೊಂದು ಊರಿನ ಮೈನರ್ ಲೀಗ್ ತಂಡದವರ ಚಿತ್ರಗಳನ್ನು ಅಚ್ಚು ಹಾಕಿ, ಹಿಂಬದಿಯಲ್ಲಿ ಪಂದ್ಯಗಳ ದಿನಾಂಕಗಳನ್ನು ಕೊಟ್ಟು ಹೊರತಂದಿತು. ನೋಡಿ ಎಸೆಯುವ ವೇಳಾಪಟ್ಟಿ ಅದು. ಅದರಲ್ಲಿ ಹತ್ತೊಂಬತ್ತು ವರ್ಷದ ಹೊಸ ಹುಡುಗನೊಬ್ಬನಿದ್ದ. ಅವನೇ ಬೇಬ್ ರೂತ್. ಆ ಜುಲೈ ತಿಂಗಳಲ್ಲಿಯೇ ತಂಡ ಅವನನ್ನು ಬಾಸ್ಟನ್ನಿಗೆ ಮಾರಿತು. ಅವನ ಆ ಕಾರ್ಡುಗಳಲ್ಲಿ ಇಂದು ಹತ್ತರಷ್ಟು ಮಾತ್ರ ಉಳಿದಿವೆ ಎನ್ನುತ್ತಾರೆ; ಒಂದು ೨೦೨೩ರ ಕೊನೆಯಲ್ಲಿ ೭೨ ಲಕ್ಷ ಡಾಲರಿಗೆ ಹೋಯಿತು. ಅದೇ ಕಟ್ಟಿನಲ್ಲಿ ಅವನ ಮಗ್ಗುಲಲ್ಲಿದ್ದ ಉಳಿದವರ ಹೆಸರನ್ನು ಯಾರಾದರೂ ಕೇಳಿದ್ದೀರಾ?

ಈ ಪ್ರಶ್ನೆಯೇ ನನ್ನನ್ನು ಪಾಟಕೆಟ್ಟಿನ ಕಟ್ಟಿನ ಹತ್ತಿರಕ್ಕೆ ತಂದದ್ದು.

ಟಾಮ್ ಕೊಲಿಯರ್, ಮೈಕ್ ಆರನ್‌ಸ್ಟೀನ್ ಎಂಬಿಬ್ಬರು ತಮ್ಮ ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ಟಿ.ಸಿ.ಎಂ.ಎ. ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿ, ೧೯೭೨ರಿಂದ ಮೈನರ್ ಲೀಗ್ ತಂಡಗಳ ಕಾರ್ಡುಗಳನ್ನು ಅಚ್ಚು ಮಾಡತೊಡಗಿದರು. ಇವು ಟಾಪ್ಸಿನವರಂತೆ ದೇಶದ ಅಂಗಡಿ ಅಂಗಡಿಯಲ್ಲೂ ಬಿಕರಿಯಾಗುವಂಥವಲ್ಲ. ಪೊಟ್ಟಣ ಒಡೆದು ಯಾರು ಸಿಕ್ಕಿದರೆಂದು ಅದೃಷ್ಟ ನೋಡುವ ಗೊಡವೆಯೂ ಇಲ್ಲ. ಇಡೀ ತಂಡದ ಇಪ್ಪತ್ತು ಚಿಲ್ಲರೆ ಕಾರ್ಡುಗಳು ಒಂದೇ ಕಟ್ಟಾಗಿ, ಆಯಾ ಊರಿನ ಕ್ರೀಡಾಂಗಣದಲ್ಲಿ, ಕಡಲೆಕಾಯಿ ಸೋಡಾಗಳ ಜೊತೆಯಲ್ಲಿ ಮಾರಾಟವಾಗುತ್ತಿದ್ದವು. ಮುದ್ರಣವೂ ಮಿತವಾದದ್ದು. ಈ ಕಟ್ಟುಗಳ ಸೊಗಸಿರುವುದು ಇಲ್ಲಿಯೇ: ಯಾರು ಮುಂದೆ ದೊಡ್ಡವರಾಗುತ್ತಾರೆಂಬುದು ಮುದ್ರಿಸುವವನಿಗೂ ತಿಳಿಯದು, ಕೊಳ್ಳುವ ಹುಡುಗನಿಗೂ ತಿಳಿಯದು. ಆದ್ದರಿಂದ ಎಲ್ಲರಿಗೂ ಒಂದೇ ಅಳತೆಯ ರಟ್ಟು, ಒಂದೇ ಬಗೆಯ ಅಂಚು. ಆಟಗಾರರ ಜೊತೆಗೆ ವ್ಯವಸ್ಥಾಪಕ, ತರಬೇತುಗಾರ, ಕೀಲುಳುಕಿದರೆ ಪಟ್ಟಿ ಕಟ್ಟುವವ, ಒಮ್ಮೊಮ್ಮೆ ಬ್ಯಾಟುಗಳನ್ನು ಎತ್ತಿಡುವ ಹುಡುಗ ಕೂಡ ಅಲ್ಲಿರುತ್ತಿದ್ದ. ಇಷ್ಟು ಸಮಾನತೆಯನ್ನು ನಾನು ಬೇರೆ ಯಾವ ಆಟದ ದಾಖಲೆಯಲ್ಲಿಯೂ ಕಂಡಿಲ್ಲ.

ಪಾಟಕೆಟ್ ಬಾಸ್ಟನ್ನಿನಿಂದ ಸುಮಾರು ನಲವತ್ತು ಮೈಲಿ ದೂರದ ಗಿರಣಿಯ ಊರು. ಅಮೆರಿಕಾದಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಯಂತ್ರಗಳನ್ನು ಸ್ಯಾಮ್ಯುಯೆಲ್ ಸ್ಲೇಟರ್ ಎಂಬಾತ ಮೊದಲು ನಡೆಸಿದ್ದು ಇಲ್ಲಿ. ಬ್ಲ್ಯಾಕ್‌ಸ್ಟೋನ್ ನದಿಯ ದಡದಲ್ಲಿ ೧೭೯೩ರಲ್ಲಿ ಕಟ್ಟಿದ ಅವನ ಗಿರಣಿ ಈಗಲೂ ನಿಂತಿದೆ. ಇಪ್ಪತ್ತನೆಯ ಶತಮಾನದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಬಾಸ್ಟನ್ ರೆಡ್ ಸಾಕ್ಸ್ ತಂಡದ ಕೆಳಗಿನ ಅತ್ಯುಚ್ಚ ಮೆಟ್ಟಿಲಾದ ಪಾಟಕೆಟ್ ರೆಡ್ ಸಾಕ್ಸ್ ತಂಡವೂ ದಿವಾಳಿಯ ಅಂಚಿಗೆ ಬಂದಿತ್ತು. ೧೯೭೭ರಲ್ಲಿ ಬೆನ್ ಮೊಂಡೊರ್ ಎಂಬ, ಜವಳಿ ವ್ಯಾಪಾರದಿಂದ ನಿವೃತ್ತರಾದ ಗೃಹಸ್ಥರು ಅದನ್ನು ಕೊಂಡು ಉಳಿಸಿದರು. ದಾವಣಗೆರೆಯನ್ನೋ ಗೋಕಾಕದ ಗಿರಣಿಯನ್ನೋ ನೋಡಿ ಬೆಳೆದವರಿಗೆ ಇಂಥ ಊರಿನ ಮುಖಚರ್ಯೆ ಅಪರಿಚಿತವಾಗದು.

ಆ ಊರಿನ ಮೆಕ್‌ಕಾಯ್ ಕ್ರೀಡಾಂಗಣದಲ್ಲಿ, ೧೯೮೧ರ ಏಪ್ರಿಲ್ ೧೮ರ ಶನಿವಾರ ರಾತ್ರಿ, ರಾಚೆಸ್ಟರ್ ತಂಡದೊಡನೆ ಒಂದು ಪಂದ್ಯ ಆರಂಭವಾಯಿತು. ಬೇಸ್‌ಬಾಲಿನಲ್ಲಿ ಎರಡು ತಂಡಗಳೂ ಒಂದೊಂದು ಬಾರಿ ಬ್ಯಾಟು ಹಿಡಿದರೆ ಒಂದು ಇನಿಂಗ್ಸ್. ಮೂವರು ಔಟಾದರೆ ಸರದಿ ಮುಗಿಯಿತು. ಇಂಥ ಒಂಬತ್ತು ಇನಿಂಗ್ಸಿಗೆ ಪಂದ್ಯ ಮುಗಿಯಬೇಕು. ಸಮಸಮವಾದರೆ ಯಾರಾದರೂ ಗೆಲ್ಲುವವರೆಗೆ ಮುಂದುವರಿಸಬೇಕು. ‘ಡ್ರಾ’ ಎಂಬ ಕರುಣೆ ಈ ಆಟದಲ್ಲಿ ಇಲ್ಲ. ಒಂಬತ್ತನೆಯದರ ಕೊನೆಗೆ ಎರಡೂ ಕಡೆ ಒಂದೊಂದು ಓಟ. ಹತ್ತಾಯಿತು, ಹದಿನೈದಾಯಿತು, ಇಪ್ಪತ್ತಾಯಿತು. ಇಪ್ಪತ್ತೊಂದನೆಯದರಲ್ಲಿ ರಾಚೆಸ್ಟರಿನವರು ಒಂದು ಓಟ ಗಳಿಸಿದರು. ಇನ್ನೇನು ಮನೆಗೆ ಹೋಗಬಹುದೆನ್ನುವಷ್ಟರಲ್ಲಿ ಪಾಟಕೆಟ್ಟಿನ ವೇಡ್ ಬಾಗ್ಸ್ ಎಂಬ ತರುಣ ಚೆಂಡನ್ನು ಬಲವಾಗಿ ಹೊಡೆದು ಮತ್ತೆ ಸಮಮಾಡಿದ. ತಂಡದವರೇ ಅವನನ್ನು ಹರಸಿದರೋ ಶಪಿಸಿದರೋ ಹೇಳುವುದು ಕಷ್ಟ. ಏಕೆಂದರೆ ಚಳಿ ಮೂಳೆಯನ್ನು ಕೊರೆಯುತ್ತಿತ್ತು. ಗಾಳಿ ಎದುರು ಬೀಸಿ ಎತ್ತರ ಹೋದ ಚೆಂಡುಗಳನ್ನೆಲ್ಲ ಒಳಕ್ಕೆ ತಳ್ಳುತ್ತಿತ್ತು. ಆಟಗಾರರು ಮುರಿದ ಬ್ಯಾಟುಗಳನ್ನು ಪೀಪಾಯಿಗೆ ಹಾಕಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಪಾಟಕೆಟ್ಟಿನ ವ್ಯವಸ್ಥಾಪಕ ಜೋ ಮಾರ್ಗನ್ ಇಪ್ಪತ್ತೆರಡನೆಯ ಇನಿಂಗ್ಸಿನಲ್ಲಿ ಅಂಪೈರಿನೊಡನೆ ಜಗಳವಾಡಿ ಮೈದಾನದಿಂದ ಹೊರಹಾಕಿಸಿಕೊಂಡರು. ಆದರೂ ಮನೆಗೆ ಹೋಗಲು ಮನಸ್ಸೊಪ್ಪದೆ, ಮರೆಯಲ್ಲಿ ನಿಂತು ಒಂದು ಕಿಂಡಿಯಿಂದ ಪಂದ್ಯವನ್ನು ನೋಡಿದರು. ಇಷ್ಟು ಹೊತ್ತಿನ ಮೇಲೆ ಹೊಸ ಇನಿಂಗ್ಸ್ ಆರಂಭಿಸಬಾರದೆಂಬ ನಿಯಮವೊಂದು ಲೀಗಿನಲ್ಲಿ ಇತ್ತಂತೆ. ಅಂಪೈರುಗಳ ಕೈಯಲ್ಲಿದ್ದ ನಿಯಮಾವಳಿಯಲ್ಲಿ ಆ ವರ್ಷ ಅದು ಬಿಟ್ಟುಹೋಗಿತ್ತು! ಕಡೆಗೆ ಲೀಗಿನ ಅಧ್ಯಕ್ಷರನ್ನು ದೂರವಾಣಿಯಲ್ಲಿ ಎಬ್ಬಿಸಿ ಅಪ್ಪಣೆ ಪಡೆದು, ಮೂವತ್ತೆರಡು ಇನಿಂಗ್ಸುಗಳಾದ ಮೇಲೆ, ಬೆಳಗಿನ ಜಾವ ೪ ಗಂಟೆ ೭ ನಿಮಿಷಕ್ಕೆ ನಿಲ್ಲಿಸಿದರು. ಆರಂಭದಲ್ಲಿದ್ದ ೧,೭೪೦ ಪ್ರೇಕ್ಷಕರಲ್ಲಿ ಉಳಿದಿದ್ದವರು ೧೯ ಮಂದಿ. ಅಂದು ಈಸ್ಟರ್ ಭಾನುವಾರ. (ಆ ಹತ್ತೊಂಬತ್ತರಲ್ಲಿ ತಾನೂ ಒಬ್ಬನೆಂದು ಹೇಳಿಕೊಳ್ಳುವ ಮೂವತ್ತು ಜನರನ್ನಾದರೂ ನಾನು ಈ ಊರುಗಳಲ್ಲಿ ಭೇಟಿಯಾಗಿದ್ದೇನೆ.)

ಉಳಿದ ಆಟ ನಡೆದದ್ದು ಜೂನ್ ೨೩ರಂದು. ಆಗ ಮೇಜರ್ ಲೀಗಿನ ಆಟಗಾರರು ಮುಷ್ಕರ ಹೂಡಿದ್ದರು. ಬರೆಯಲು ಬೇರೇನೂ ಇಲ್ಲದ ಪತ್ರಿಕೆಯವರೆಲ್ಲ ಪಾಟಕೆಟ್ಟಿಗೆ ಬಂದಿಳಿದರು. ೫,೭೪೬ ಜನ ಸೇರಿದ್ದರು. ಎಂಟು ಗಂಟೆ ಕಾಲ ಅಲ್ಲಾಡದ ಪಂದ್ಯ ಹದಿನೆಂಟು ನಿಮಿಷದಲ್ಲಿ ಮುಗಿಯಿತು. ಮೂವತ್ತಮೂರನೆಯ ಇನಿಂಗ್ಸಿನಲ್ಲಿ ಮೂರು ನೆಲೆಗಳಲ್ಲೂ ಪಾಟಕೆಟ್ಟಿನವರು ನಿಂತಿರಲು, ಡೇವ್ ಕೋಜಾ ಎಂಬವನು ಎಡಕ್ಕೆ ಒಂದು ಹೊಡೆತ ಹೊಡೆದ. ಮಾರ್ಟಿ ಬ್ಯಾರೆಟ್ ಓಡಿ ಬಂದ. ಪಾಟಕೆಟ್ ೩, ರಾಚೆಸ್ಟರ್ ೨. ವೃತ್ತಿಪರ ಬೇಸ್‌ಬಾಲಿನ ಚರಿತ್ರೆಯಲ್ಲಿ ಇದಕ್ಕಿಂತ ದೀರ್ಘವಾದ ಪಂದ್ಯ ಇಂದಿನವರೆಗೂ ನಡೆದಿಲ್ಲ.

ಆ ರಾತ್ರಿ ಪಾಟಕೆಟ್ಟಿಗೆ ಆಡಿದ ಬಾಗ್ಸನೂ ರಾಚೆಸ್ಟರಿಗೆ ಆಡಿದ ಕ್ಯಾಲ್ ರಿಪ್ಕೆನ್ನನೂ ಮುಂದೆ ಜಗದ್ವಿಖ್ಯಾತರಾದರು. ರಿಪ್ಕೆನ್ ಒಂದೂ ಪಂದ್ಯ ತಪ್ಪದೆ ಎಡೆಬಿಡದೆ ೨,೬೩೨ ಪಂದ್ಯಗಳನ್ನಾಡಿದ. ಬಾಗ್ಸ್ ಆರು ವರ್ಷ ಮೈನರ್ ಲೀಗಿನಲ್ಲಿ ಕಾದು, ೧೯೮೨ರಲ್ಲಿ ಬಾಸ್ಟನ್ನಿಗೆ ಏರಿ, ೩,೦೧೦ ಹೊಡೆತಗಳನ್ನು ಗಳಿಸಿ, ೨೦೦೫ರಲ್ಲಿ ಕೂಪರ್ಸ್‌ಟೌನಿನ ಕೀರ್ತಿಮಂದಿರವನ್ನು ಸೇರಿದ. ಗೆಲುವಿನ ಹೊಡೆತ ಹೊಡೆದ ಕೋಜಾ? ವಯೋಮಿಂಗಿನ ಟೊರಿಂಗ್ಟನ್ ಎಂಬ ದೂರದ ಊರಿನಿಂದ ಬಂದ ಆತ ಮೇಜರ್ ಲೀಗಿನಲ್ಲಿ ಒಂದು ದಿನವೂ ಆಡಲಿಲ್ಲ. ಡ್ಯಾನ್ ಬ್ಯಾರಿ ಎಂಬ ಪತ್ರಕರ್ತರು ಈ ಪಂದ್ಯವೊಂದನ್ನೇ ಕುರಿತು ೨೦೧೧ರಲ್ಲಿ ಒಂದು ಪುಸ್ತಕ ಬರೆದರು. ಅದನ್ನು ಓದಿ ಮುಗಿಸಿದ ವಾರವೇ, ಆ ವರ್ಷದ ಪಾಟಕೆಟ್ಟಿನ ಕಾರ್ಡುಗಳ ಕಟ್ಟನ್ನು ಸಂಪಾದಿಸಬೇಕೆಂಬ ಹುಚ್ಚು ನನಗೆ ಹಿಡಿಯಿತು.

ಹಳೆಯ ಕಾರ್ಡುಗಳ ಸಂತೆ ಇಲ್ಲಿ ಶಾಲೆಗಳ ಸಭಾಂಗಣಗಳಲ್ಲಿ, ಹೋಟೆಲುಗಳ ಪಡಸಾಲೆಗಳಲ್ಲಿ ಭಾನುವಾರಗಳಂದು ನೆರೆಯುತ್ತದೆ. ಅಂಥದೊಂದರಲ್ಲಿ ವ್ಯಾಪಾರಿಯೊಬ್ಬ ಆ ಕಟ್ಟನ್ನು ನನ್ನ ಮುಂದಿಟ್ಟ. ಬೆಲೆ ಆಶ್ಚರ್ಯವಾಗುವಷ್ಟು ಕಡಮೆ. ಕಾರಣವನ್ನು ಅವನೇ ಹೇಳಿದ: “ಇದರಲ್ಲಿ ಬಾಗ್ಸ್ ಇಲ್ಲ, ಸ್ವಾಮಿ. ಅವನನ್ನು ತೆಗೆದಾಯಿತು. ಇದು ಉಳಿದದ್ದು.”

‘ಉಳಿದದ್ದು’ ಎಂಬ ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಈ ವ್ಯಾಪಾರದ ಮರ್ಮವನ್ನು ನಾನು ತಿಳಿದುಕೊಂಡದ್ದು ಆಮೇಲೆ. ೧೯೯೧ರಿಂದೀಚೆಗೆ ಕಾರ್ಡುಗಳಿಗೆ ಅಂಕ ಹಾಕುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಮೂಲೆ ಚೂಪಾಗಿದೆಯೇ, ಅಂಚು ನಾಲ್ಕು ಕಡೆಯೂ ಸಮವಾಗಿದೆಯೇ, ಮೈಮೇಲೆ ಗೀರಿದೆಯೇ ಎಂದು ಪರೀಕ್ಷಿಸಿ, ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ಗಟ್ಟಿಯಾದ ಪ್ಲಾಸ್ಟಿಕ್ಕಿನಲ್ಲಿ ಮುದ್ರೆಹಾಕಿ ಕಳಿಸುತ್ತಾರೆ. ಹತ್ತು ಬಂದ ಕಾರ್ಡಿಗೂ ಎಂಟು ಬಂದ ಕಾರ್ಡಿಗೂ ಬೆಲೆಯಲ್ಲಿ ಅಜಗಜಾಂತರ. ಹೀಗಾಗಿ ಮೊದಲ ದಿನದಿಂದ ಬಿಚ್ಚದೆ ಇದ್ದ ಹಳೆಯ ಕಟ್ಟು ಕೈಗೆ ಬಂದರೆ ವ್ಯಾಪಾರಿ ಮೊದಲು ಮಾಡುವ ಕೆಲಸವೆಂದರೆ ಅದನ್ನು ಬಿಚ್ಚಿ, ಹೆಸರಾದವನೊಬ್ಬನನ್ನು ಹೊರಗೆ ತೆಗೆದು ಪರೀಕ್ಷೆಗೆ ಕಳಿಸುವುದು. ಮಿಕ್ಕವರಿಗೆ ಈ ವ್ಯಾಪಾರದ ಭಾಷೆಯಲ್ಲಿ ‘ಸಾಮಾನ್ಯರು’ ಎಂದು ಹೆಸರು. ಅವರನ್ನು ರಬ್ಬರ್ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕುತ್ತಾನೆ. ನಾಲ್ಕು ದಶಕ ಒಟ್ಟಿಗಿದ್ದ ಸಂಸಾರ ಐದು ನಿಮಿಷದಲ್ಲಿ ಒಡೆಯುತ್ತದೆ. ನಾನು ಇದನ್ನು ಮನೆಯಲ್ಲಿ ವಿವರಿಸಿದಾಗ ನನ್ನ ಹೆಂಡತಿ, “ಮದುವೆಯ ಗುಂಪಿನ ಫೋಟೋದಿಂದ ಮದುಮಗನನ್ನ ಕತ್ತರಿಸಿ ಮಾರಿಕೊಂಡ ಹಾಗಾಯ್ತಲ್ರೀ!” ಎಂದಳು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಮನೆಗೆ ತಂದು ಪಟ್ಟಿಯೊಡನೆ ತಾಳೆನೋಡಿದರೆ ಇಲ್ಲದವರು ಒಬ್ಬರಲ್ಲ, ಇಬ್ಬರು. ಬಾಗ್ಸ್ ಇಲ್ಲವೆಂಬುದು ಗೊತ್ತಿದ್ದದ್ದೇ. ಎರಡನೆಯವನು ಡೇವ್ ಕೋಜಾ.

ಇಲ್ಲಿಂದ ಮುಂದಿನದು ಸಂಗ್ರಹಕಾರರಲ್ಲದವರಿಗೆ ನಂಬಲು ಸ್ವಲ್ಪ ಕಷ್ಟವಾದೀತು. ಬಾಗ್ಸನ ಕಾರ್ಡು ಬೇಕೆಂದರೆ ನಾಳೆಯೇ ದೊರೆಯುತ್ತದೆ. ನಮ್ಮ ಮನೆಯ ಒಂದೆರಡು ತಿಂಗಳ ದಿನಸಿಯ ಹಣವನ್ನು ತೆತ್ತರೆ ಆಯಿತು, ಮಾರುವವರು ಹಲವರಿದ್ದಾರೆ. (ಬೇಡಿಕೆಯಿರುವ ಇಂಥ ಕಾರ್ಡುಗಳಿಗೆ ಕಳ್ಳಮುದ್ರಣದ ಕಾಟವೂ ಇರುವುದರಿಂದ ಎಚ್ಚರ ಬೇಕೆನ್ನಿ.) ಕೋಜಾನ ಕಾರ್ಡಿಗೆ ಒಂದೆರಡು ಡಾಲರಿಗಿಂತ ಹೆಚ್ಚು ಬೆಲೆ ಯಾರೂ ಹೇಳಲಾರರು, ಆದರೆ ಅದು ದೊರೆಯುವುದಿಲ್ಲ. ಯಾಕೆ ದೊರೆಯುವುದಿಲ್ಲ? ಅಪರೂಪವೆಂದಲ್ಲ. ಒಂದು ಬಾಗ್ಸ್ ಅಚ್ಚಾದಾಗಲೆಲ್ಲ ಒಂದು ಕೋಜಾನೂ ಅಚ್ಚಾಗಿದ್ದಾನೆ, ಲೆಕ್ಕ ಸರಿಸಮ. ಆದರೆ ಒಂದು ಡಾಲರಿನ ಕಾರ್ಡನ್ನು ಹುಡುಕಿ ತೆಗೆದು, ಚಿತ್ರ ಹಿಡಿದು, ಪ್ರಕಟಿಸಿ, ಲಕೋಟೆಗೆ ಹಾಕಿ, ಅಂಚೆಚೀಟಿ ಹಚ್ಚುವಷ್ಟು ವ್ಯವಧಾನ ಯಾವ ವ್ಯಾಪಾರಿಗಿದೆ? ಬೆಲೆಯುಳ್ಳ ವಸ್ತುವನ್ನು ಮಾರುಕಟ್ಟೆ ಕಾಪಾಡುತ್ತದೆ; ಪ್ಲಾಸ್ಟಿಕ್ಕಿನ ಕವಚ ತೊಡಿಸುತ್ತದೆ, ಸಂಖ್ಯೆ ಕೊಡುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬರೆದಿಡುತ್ತದೆ. ಬೆಲೆಯಿಲ್ಲದ್ದು ಎಲ್ಲೋ ಒಂದು ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ನೆಂದು ಹಾಳಾಗುತ್ತದೆ. ಮನೆ ಖಾಲಿ ಮಾಡುವಾಗ ಕಸಕ್ಕೆ ಹೋಗುತ್ತದೆ. ನಮ್ಮಲ್ಲಿ ರನ್ನ ಪಂಪರ ತಾಡವೋಲೆಗಳು ಮಠಗಳಲ್ಲಿ ಉಳಿದುಬಂದವು. ಹಳ್ಳಿಯ ಶಾನುಭೋಗರ ಕಡತಗಳನ್ನು ಹಿಟ್ಟಿನ ಅಂಗಡಿಯವರು ತೂಕಕ್ಕೆ ಕೊಂಡರು. ಊರಿನಲ್ಲಿ ಯಾರು ಯಾರು ಇದ್ದರೆಂಬುದು ಆ ಕಡತಗಳಲ್ಲಿ ಇದ್ದದ್ದು.

ನಾಲ್ಕು ವರ್ಷ ನಾನು ಕೋಜಾನನ್ನು ಹುಡುಕಿದೆ. ಸಂತೆಗಳಲ್ಲಿ ‘ಸಾಮಾನ್ಯರ’ ಪೆಟ್ಟಿಗೆಗಳ ಮುಂದೆ ಮಂಡಿಯೂರಿ ಕುಳಿತು ಸಾವಿರಾರು ಕಾರ್ಡುಗಳನ್ನು ತಿರುವಿಹಾಕಿದೆ. ಹೀಗೆ ತಿರುವುತ್ತಿರುವಾಗ ಮನಸ್ಸಿಗೆ ಒಂದು ಬಗೆಯ ವೇದನೆಯಾಗುತ್ತದೆ. ಎಷ್ಟು ಮುಖಗಳು! ಎಲ್ಲರೂ ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತೈದರ ತರುಣರು. ಟೋಪಿ ಸರಿಪಡಿಸಿಕೊಂಡು, ಬ್ಯಾಟನ್ನು ಭುಜಕ್ಕೇರಿಸಿ, ನಾಳೆಯೇ ಕರೆ ಬರುತ್ತದೆಂಬ ನಗೆಯನ್ನು ನಗುತ್ತಿದ್ದಾರೆ. ಅವರಲ್ಲಿ ಯಾರಿಗೆ ಕರೆ ಬಂತು, ಯಾರಿಗೆ ಬರಲಿಲ್ಲ ಎಂಬುದು ನೋಡುವ ನನಗೆ ಗೊತ್ತು, ಚಿತ್ರದಲ್ಲಿರುವ ಅವರಿಗೆ ಗೊತ್ತಿಲ್ಲ. ನನ್ನ ವಿದ್ಯಾರ್ಥಿದೆಸೆಯ ತರಗತಿಯ ಭಾವಚಿತ್ರವನ್ನು ನೋಡುವಾಗ ಕೂಡ ನನಗೆ ಹೀಗೆಯೇ ಆಗುತ್ತದೆ. ಅಧ್ಯಾಪಕ ವೃತ್ತಿಯ ಓದುಗರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಕೊನೆಗೆ ಕೋಜಾ ಸಿಕ್ಕಿದ್ದು ವ್ಯಾಪಾರಿಗಳಿಂದಲ್ಲ, ಈ ಸಂಸ್ಥಾನದವರೇ ಆದ ಒಬ್ಬ ಶಾಲಾ ಉಪಾಧ್ಯಾಯರಿಂದ. ಪರಿಚಿತರೊಬ್ಬರು ಕೊಟ್ಟ ವಿಳಾಸಕ್ಕೆ ನಾನು ಬರೆದ ಪತ್ರಕ್ಕೆ ಅವರು ಮೂರು ಪುಟದ ಉತ್ತರ ಬರೆದರು. ಹುಡುಗರಾಗಿದ್ದಾಗ ಅವರು ಮೆಕ್‌ಕಾಯ್ ಕ್ರೀಡಾಂಗಣದಲ್ಲಿಯೇ ಬೇಸಗೆಯನ್ನು ಕಳೆದವರು. ಆ ಕ್ರೀಡಾಂಗಣದ ರಚನೆಯಲ್ಲಿ ಒಂದು ವಿಶೇಷವಿತ್ತು. ಆಟಗಾರರು ಕುಳಿತುಕೊಳ್ಳುವ ತಗ್ಗಿನ ಕೊಠಡಿಗಳು ಪ್ರೇಕ್ಷಕರ ಆಸನಗಳ ನೇರ ಕೆಳಗೆ ಇದ್ದವು. ಹುಡುಗರಿಗೆ ಆಟಗಾರರ ಮುಖ ಕಾಣುತ್ತಿರಲಿಲ್ಲ, ಕೈಯೂ ಎಟುಕುತ್ತಿರಲಿಲ್ಲ. ಅವರು ಕಂಡುಕೊಂಡ ಉಪಾಯ ನಮ್ಮ ಸೇದುವ ಬಾವಿಯದು. ಹಾಲಿನ ಪ್ಲಾಸ್ಟಿಕ್ ಕೊಡದ ಮಗ್ಗುಲನ್ನು ಕತ್ತರಿಸಿ, ಅದರೊಳಗೆ ಚೆಂಡನ್ನೋ ಕಾರ್ಡನ್ನೋ ಒಂದು ಲೇಖನಿಯನ್ನೋ ಇಟ್ಟು, ಹಗ್ಗ ಕಟ್ಟಿ ಕೆಳಕ್ಕೆ ಇಳಿಬಿಡುವುದು. ಕೆಳಗಿದ್ದವನು ರುಜು ಹಾಕಿ ಹಗ್ಗವನ್ನು ಜಗ್ಗಿದರೆ ಮೇಲಕ್ಕೆ ಸೇದಿಕೊಳ್ಳುವುದು. ಇದಕ್ಕೆ ಅವರು ‘ಮೀನು ಹಿಡಿಯುವುದು’ ಎನ್ನುತ್ತಿದ್ದರಂತೆ. ಕಟ್ಟನ್ನು ಬಿಚ್ಚಿ ತಮಗೆ ಪ್ರಿಯನಾದವನ ಕಾರ್ಡನ್ನು ಹೀಗೆ ಇಳಿಬಿಡುತ್ತಿದ್ದ ಆ ಹುಡುಗರಿಗೆ ೧೯೮೧ರಲ್ಲಿ ಪ್ರಿಯನಾಗಿದ್ದವನು ಯಾರು? “ಬಾಗ್ಸ್ ಒಳ್ಳೆಯ ಆಟಗಾರ, ನಿಜ. ಆದರೆ ಆ ಬೇಸಗೆ ನಮ್ಮೆಲ್ಲರ ಬಾಯಲ್ಲಿ ಇದ್ದದ್ದು ಕೋಜಾನ ಹೆಸರು” ಎಂದು ಉಪಾಧ್ಯಾಯರು ಬರೆದಿದ್ದರು.

ನನ್ನ ಕಟ್ಟಿನಿಂದ ಕೋಜಾ ಮಾಯವಾದದ್ದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಮಾಧಾನ ನನಗೆ ಬೇಕಿ­ರಲಿಲ್ಲ. ವ್ಯಾಪಾರಿ ಬಾಗ್ಸನನ್ನು ಬೆಲೆಗಾಗಿ ತೆಗೆದ. ಅದಕ್ಕೆ ಎಷ್ಟೋ ವರ್ಷ ಮುಂಚೆ ಯಾವನೋ ಹುಡುಗ ಕೋಜಾನನ್ನು ಪ್ರೀತಿಯಿಂದ ತೆಗೆದಿರಬೇಕು. ಹೌದೆಂದು ಸಾಧಿಸಲು ಆಧಾರವೇನೂ ಇಲ್ಲ. ಹಾಗೆಂದುಕೊಳ್ಳಲು ನನಗೆ ಇಷ್ಟ, ಅಷ್ಟೆ.

ಉಪಾಧ್ಯಾಯರ ಬಳಿ ಕೋಜಾನ ಎರಡು ಕಾರ್ಡುಗಳಿದ್ದವು. ರುಜುವಿದ್ದದ್ದನ್ನು ತಾವಿಟ್ಟುಕೊಂಡು ರುಜುವಿಲ್ಲದ್ದನ್ನು ನನಗೆ ಕಳಿಸಿದರು. ಹಣ ಕೊಡಲು ಹೋದರೆ ಒಪ್ಪಲಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಕೇಳಿದ್ದರು: ಆ ಪಂದ್ಯವನ್ನು ಕಣ್ಣಿನಿಂದ ನೋಡದ, ಈ ನಾಡಿನಲ್ಲಿ ಹುಟ್ಟದ ನಿಮಗೆ ಇವನು ಏಕೆ ಬೇಕು? ನಾನು ಪಂಕ್ತಿಭೋಜನದ ಉಪಮೆಯನ್ನು ಸಾಧ್ಯವಾದಷ್ಟು ಇಂಗ್ಲಿಷಿನಲ್ಲಿ ವಿವರಿಸಿ ಬರೆದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಬಾಳೆಎಲೆಯ ಮೇಲೆ ಊಟಮಾಡುವ ಕ್ರಮವನ್ನು ಕುರಿತು ಹೆಚ್ಚಿನ ಪ್ರಶ್ನೆಗಳು ಬಂದವು. ಕಾರ್ಡಿನ ಒಂದು ಮೂಲೆ ಮಡಿಸಿದೆ. ಮೇಲ್ತುದಿಯಲ್ಲಿ ಗೋಡೆಗೆ ಚುಚ್ಚಿದ ಮೊಳೆಯ ತೂತೊಂದಿದೆ. ಅಂಕ ಹಾಕುವವರಿಗೆ ಕೊಟ್ಟರೆ ಹತ್ತಕ್ಕೆ ಒಂದೂ ಬರಲಾರದು.

ಈಚೆಗೆ ಈ ಕಟ್ಟುಗಳ ವಿಷಯದಲ್ಲಿ ಆತುರಪಡಲು ಇನ್ನೊಂದು ಕಾರಣವೂ ಒದಗಿದೆ. ಮೇಜರ್ ಲೀಗಿನವರು ೨೦೨೧ರಿಂದ ತಮ್ಮ ಆಶ್ರಯದ ಮೈನರ್ ಲೀಗ್ ತಂಡಗಳನ್ನು ೧೬೦ರಿಂದ ೧೨೦ಕ್ಕೆ ಇಳಿಸಿದರು. ಎಷ್ಟೋ ಸಣ್ಣ ಊರುಗಳಲ್ಲಿ ಬೇಸಗೆಯ ಸಂಜೆಗಳು ಮೊದಲಿನಂತೆ ಉಳಿಯಲಿಲ್ಲ. ಪಾಟಕೆಟ್ಟಿನ ತಂಡ ಅಳಿಯಲಿಲ್ಲವಾದರೂ ಊರು ಬಿಟ್ಟಿತು. ೨೦೧೯ರ ಸೆಪ್ಟೆಂಬರಿನಲ್ಲಿ ಮೆಕ್‌ಕಾಯ್‌ನಲ್ಲಿ ಕೊನೆಯ ಪಂದ್ಯವಾಯಿತು. ಮರುವರ್ಷ ಕೊರೋನಾ ರೋಗದಿಂದಾಗಿ ಆಟವೇ ನಡೆಯಲಿಲ್ಲ. ೨೦೨೧ರಲ್ಲಿ ತಂಡ ನೆರೆಯ ಮ್ಯಾಸಚೂಸೆಟ್ಸಿನ ವುಸ್ಟರ್ ನಗರದ ಹೊಸ ಕ್ರೀಡಾಂಗಣಕ್ಕೆ, ಹೊಸ ಹೆಸರಿನೊಡನೆ, ಹೊರಟುಹೋಯಿತು. ಹಳೆಯದನ್ನು ೨೦೨೫ರಲ್ಲಿ ಕೆಡವತೊಡಗಿದರು. ಆ ಜಾಗದಲ್ಲಿ ಒಂದು ಪ್ರೌಢಶಾಲೆ ಬರಬೇಕೆಂದು ನಿಶ್ಚಯವಾಗಿದೆ. ಕ್ರೀಡಾಂಗಣದ ಬದಲು ಶಾಲೆ ಬಂದರೆ ಆಕ್ಷೇಪಿಸುವುದು ನನ್ನಿಂದಾಗದು. ಆದರೂ ಯಂತ್ರಗಳು ಕೆಲಸಮಾಡುತ್ತಿದ್ದ ದಿನಗಳಲ್ಲಿ ಆ ದಾರಿಯಲ್ಲಿ ಹೋಗಬೇಕಾದಾಗಲೆಲ್ಲ ನಾನು ಬೇರೆ ರಸ್ತೆ ಹಿಡಿಯುತ್ತಿದ್ದೆ.

ಕಟ್ಟು ಈಗ ನನ್ನ ಮೇಜಿನ ಖಾನೆಯಲ್ಲಿದೆ. ಕೋಜಾ ತನ್ನ ಸ್ಥಾನಕ್ಕೆ ಬಂದಿದ್ದಾನೆ. ಬಾಗ್ಸನ ಸ್ಥಾನದಲ್ಲಿ ಅದೇ ಅಳತೆಯ ಬಿಳಿಯ ರಟ್ಟೊಂದನ್ನು ಕತ್ತರಿಸಿ ಇಟ್ಟಿದ್ದೇನೆ. ಪೂರ್ತಿಯಾಗಬೇಕೆನ್ನುವ ನನ್ನಂಥವನಿಗೆ ಆ ರಟ್ಟು ಕಣ್ಣಿಗೆ ಬಿದ್ದಾಗಲೆಲ್ಲ ಚುಚ್ಚುತ್ತದೆ, ನಿಜ. ಪ್ಲಾಸ್ಟಿಕ್ಕಿನಲ್ಲಿ ಮುದ್ರೆಬಿದ್ದ ಬಾಗ್ಸನನ್ನು ತಂದರೆ ಅವನು ಉಳಿದವರ ಜೊತೆ ಈ ಕಟ್ಟಿನಲ್ಲಿ ಹಿಡಿಸುವುದೂ ಇಲ್ಲ. ಕವಚ ಒಡೆದರೆ ಕೊಟ್ಟ ಹಣದ ಅರ್ಧ ಅಲ್ಲಿಯೇ ಹೋದಂತೆ. ಮೂಲೆ ಮಡಿಸಿದ, ಅಂಕ ಹಾಕಿಸಿಕೊಳ್ಳದ ಬಾಗ್ಸ್ ಯಾರ ಬಳಿಯಾದರೂ ಇದ್ದರೆ ತಿಳಿಸಬೇಕೆಂದು ಉಪಾಧ್ಯಾಯರಿಗೆ ಹೋದ ತಿಂಗಳು ಬರೆದಿದ್ದೇನೆ. ತಮ್ಮ ಹಳೆಯ ಸಹಪಾಠಿಯೊಬ್ಬನ ಅಟ್ಟದ ಮೇಲೆ ಬಿಚ್ಚದ ಪೆಟ್ಟಿಗೆಯೊಂದಿದೆಯೆಂದೂ ಹಿಮ ಕರಗಿದ ಮೇಲೆ ಹೋಗಿ ನೋಡುವುದಾಗಿಯೂ ಉತ್ತರ ಬಂದಿದೆ.